ಆರ್ಯಶಬ್ದವೂ ಯೆಹೂದ್ಯದ್ವೇಷವೂ

೧. ವಿಷಯಪ್ರವೇಶ

ಯೆಹೂದ್ಯರನ್ನು ಕುರಿತ ದ್ವೇಷವು ಯೂರೋಪಿನಲ್ಲಿ ಬೆಳೆದು ಲೋಕದ ನಾನಾ ಭಾಗಗಳಿಗೆ ಹಬ್ಬಿದ ಬಗೆಯನ್ನು ಚರಿತ್ರಕಾರರು ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಕನ್ನಡನಾಡಿನಲ್ಲಾದರೋ ಯೆಹೂದ್ಯರ ಸಂಖ್ಯೆ ಯಾವ ಕಾಲಕ್ಕೂ ಅತ್ಯಲ್ಪವಾದುದು. ಹೀಗಿರಲು ಭಾಷೆ ಸಾಹಿತ್ಯಗಳನ್ನು ಕಲಿಸುವವರು ಓದುವ ಈ ಪತ್ರಿಕೆಯಲ್ಲಿ ಆ ವಿಷಯಕ್ಕೆ ಅವಕಾಶವೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಸಮಾಧಾನವಿಷ್ಟೆ: ಆಧುನಿಕ ಕಾಲದಲ್ಲಿ ಆ ದ್ವೇಷವು ತನ್ನ ಸಮರ್ಥನೆಗೆ ಹಿಡಿದ ಮುಖ್ಯ ಶಬ್ದವು ನಮ್ಮ ಕೋಶಗಳಿಂದ ಹೋದುದು. ‘ಆರ್ಯ’ ಎಂಬ ಎರಡಕ್ಷರದ ಮಾತನ್ನು ಸಂಸ್ಕೃತ ಪಾಠಶಾಲೆಯ ಬಾಲಕನೂ ಬಲ್ಲನು. ಅದೇ ಮಾತಿನ ಹೆಸರಿನಲ್ಲಿ ಸುಮಾರು ೬೦ ಲಕ್ಷ ಯೆಹೂದ್ಯರ ಕೊಲೆ ನಡೆಯಿತು. ಶಬ್ದಾರ್ಥವಿಚಾರವನ್ನೇ ವೃತ್ತಿಯಾಗಿ ಮಾಡಿಕೊಂಡವರು ಇದನ್ನು ಪರರ ವಿಷಯವೆಂದು ಬಿಡುವಂತಿಲ್ಲ.

ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವುದು ಇದು: ಪ್ರಾಚೀನ ಯೆಹೂದ್ಯದ್ವೇಷವು ಮತವನ್ನು ಕುರಿತದ್ದು, ಆಧುನಿಕವಾದುದು ಜನ್ಮವನ್ನು ಕುರಿತದ್ದು. ಮತದಿಂದ ಜನ್ಮಕ್ಕೆ ಅದು ದಾಟಿದುದು ಭಾಷೆಯ ಕುಲವನ್ನು ರಕ್ತದ ಕುಲವೆಂದು ತಿಳಿದ ಒಂದು ಅರ್ಥದೋಷದ ಬಲದಿಂದ. ದೇಶದಿಂದ ದೇಶಕ್ಕೆ ಅದು ಹೋದುದು ಹೆಚ್ಚಾಗಿ ಕೂಟಲೇಖಗಳನ್ನೂ ಅವುಗಳ ಭಾಷಾಂತರಗಳನ್ನೂ ಏರಿ. ಈ ಎರಡು ದೋಷಗಳನ್ನೂ ಕಂಡುಹಿಡಿಯುವ ಸಾಧನಗಳು ನಮ್ಮ ಶಾಸ್ತ್ರಗಳಲ್ಲಿಯೇ ಇವೆ.

೨. ಪಶ್ಚಿಮ ಕರಾವಳಿಯ ಸಾಕ್ಷ್ಯ

ಮೊದಲು ನಮ್ಮ ನೆಲದ ಪೂರ್ವಸ್ಥಿತಿಯನ್ನು ನೋಡೋಣ. ಸುಮಾರು ಕ್ರಿ. ಶ. ೧೦೦೦ರಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯೆಹೂದ್ಯ ಮುಖಂಡನಿಗೆ ೭೨ ಮರ್ಯಾದೆಗಳನ್ನು ತಾಮ್ರಶಾಸನದ ಮೂಲಕ ದಯಪಾಲಿಸಿದನು. ಕೊಂಕಣದಲ್ಲಿ ಗಾಣದ ಎಣ್ಣೆ ತೆಗೆದು ಬಾಳುತ್ತಿದ್ದ ಬೆನೆ ಇಸ್ರಾಯೇಲರನ್ನು ನೆರೆಯವರು ‘ಶನಿವಾರ ತೇಲಿ’ಗಳೆಂದು ಕರೆದರು. ಶನಿವಾರದಂದು ಅವರು ಗಾಣ ಕಟ್ಟುತ್ತಿರಲಿಲ್ಲವೆಂಬುದೇ ಆ ಹೆಸರಿಗೆ ಕಾರಣ. ಅದು ಆಚಾರಭೇದವನ್ನು ಸೂಚಿಸುವ ಹೆಸರು, ನಿಂದೆಯಲ್ಲ.

ಕನ್ನಡನಾಡಿಗೇ ಸೇರಿದ ಸಾಕ್ಷ್ಯವು ಮಂಗಳೂರಿನದು. ಈಜಿಪ್ಟಿನ ಕೈರೋ ನಗರದ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರದಲ್ಲಿ, ದೇವರ ಹೆಸರುಳ್ಳ ಕಾಗದಗಳನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಕೂಡಿಟ್ಟಿದ್ದ ಲಕ್ಷಾಂತರ ಪತ್ರಗಳು ೧೯ನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳೂ ಇವೆ. ಉತ್ತರ ಆಫ್ರಿಕದ ಮಾಹದಿಯ ಪಟ್ಟಣದವನಾದ ಆತನು ಸುಮಾರು ೧೧೩೨ರಿಂದ ೧೧೪೯ರ ವರೆಗೆ ಮಂಗಳೂರಿನಲ್ಲಿ ನೆಲಸಿ, ಮೆಣಸು ಅಡಕೆಗಳ ವ್ಯಾಪಾರವನ್ನೂ ಕಂಚುಹಿತ್ತಾಳೆಗಳ ಕಾರ್ಖಾನೆಯನ್ನೂ ನಡೆಸಿದನು. ಆಶು ಎಂಬ ದಾಸಿಯನ್ನು ೧೧೩೨ರಲ್ಲಿ ದಾಸ್ಯದಿಂದ ಬಿಡಿಸಿದನು. ಆತನ ಪರವಾಗಿ ಕಡಲು ದಾಟಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಸೇವಕನ ಹೆಸರು ಬೊಮ್ಮನೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಬ್ರಹ್ಮಶಬ್ದದ ತದ್ಭವವನ್ನು ಹೆಸರಾಗಿ ಹೊತ್ತ ನಮ್ಮವನೊಬ್ಬನು ಯೆಹೂದ್ಯ ವರ್ತಕನ ನಂಬಿಕೆಯ ಮನುಷ್ಯನಾಗಿದ್ದನು. ಇತ್ತ ಕಲ್ಯಾಣದಲ್ಲಿ ಶರಣರು ಜನ್ಮಮಾತ್ರದಿಂದ ಹಿರಿಮೆಯಿಲ್ಲವೆಂದು ಸಾರಿದ ಶತಮಾನವೂ ಅದೇ.

ಇದರಿಂದ ನಮ್ಮ ಪೂರ್ವಿಕರು ಸರ್ವರನ್ನೂ ಸಮವಾಗಿ ಕಂಡರೆಂದು ಹೇಳುವಂತಿಲ್ಲ. ದಾಸ್ಯವಿದ್ದಿತು, ಜಾತಿಯ ಮೇಲುಕೀಳುಗಳೂ ಇದ್ದುವು. ಯೆಹೂದ್ಯನನ್ನು ಯೆಹೂದ್ಯನೆಂಬ ಕಾರಣದಿಂದಲೇ ದ್ವೇಷಿಸುವ ಬುದ್ಧಿ ಮಾತ್ರ ಈ ನೆಲದಲ್ಲಿ ಹುಟ್ಟಿದುದಲ್ಲ ಎಂಬಷ್ಟು ಸಿದ್ಧವಾಗುತ್ತದೆ.

ಅದು ಹಡಗಿನಲ್ಲಿ ಬಂದಿತು. ಸ್ಪೇನಿನ ತೊಲೇದೊ ನಗರದಲ್ಲಿ ೧೪೪೯ರಲ್ಲಿಯೇ ‘ರಕ್ತಶುದ್ಧಿ’ಯ ಕಟ್ಟಳೆಯೊಂದು ಹೊರಟಿದ್ದಿತು. ಕ್ರೈಸ್ತಮತಕ್ಕೆ ಸೇರಿದ ಯೆಹೂದ್ಯ ವಂಶದವರಿಗೂ ಅಧಿಕಾರಸ್ಥಾನ ಕೂಡದೆಂಬುದು ಅದರ ಸಾರ. ಮತ ಬದಲಾದರೂ ರಕ್ತದ ಕಳಂಕ ಹೋಗದೆಂಬ ಈ ಭಾವನೆಯಲ್ಲಿ ಆಧುನಿಕ ದ್ವೇಷದ ಬೀಜವಿದೆ. ೧೫೬೦ರಲ್ಲಿ ಗೋವೆಯಲ್ಲಿ ಪೋರ್ಚುಗೀಸರು ಮತವಿಚಾರಣಾ ನ್ಯಾಯಾಸನವನ್ನು ಸ್ಥಾಪಿಸಿದರು. ಆ ಊರಿನಲ್ಲಿ ಗಾರ್ಸಿಯ ದ ಓರ್ತ ಎಂಬ ವೈದ್ಯನಿದ್ದನು. ಯೆಹೂದ್ಯ ಮೂಲದ ಕ್ರೈಸ್ತ ಮನೆತನ ಅವನದು. ಭಾರತದ ಔಷಧಿಗಳನ್ನು ಕುರಿತು ಅವನು ರಚಿಸಿದ ಸಂವಾದಗ್ರಂಥವು ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅವನು ೧೫೬೮ರಲ್ಲಿ ತೀರಿಕೊಂಡನು. ಮರುವರ್ಷ ಅವನ ತಂಗಿಯನ್ನು ಸುಟ್ಟರು. ೧೫೮೦ರಲ್ಲಿ ಅವನ ಅಸ್ಥಿಗಳನ್ನೇ ಗೋರಿಯಿಂದ ತೆಗೆದು ಸುಟ್ಟರು. ಈ ನ್ಯಾಯಾಸನದ ಪೀಡನೆಗೆ ಹಿಂದೂಗಳೂ ಹೊಸದಾಗಿ ಕ್ರೈಸ್ತರಾದ ದೇಶೀಯರೂ ಗುರಿಯಾದರು. ಪರರಿಗಾಗಿ ಕಟ್ಟಿದ ಯಂತ್ರವು ತಂದಲ್ಲಿ ಸಿಕ್ಕವರನ್ನೆಲ್ಲ ಅರೆಯುವುದೆಂಬುದಕ್ಕೆ ಇದು ನಮ್ಮ ನೆರೆಯ ದೃಷ್ಟಾಂತ.

೩. ಶಬ್ದದ ಅಪಾರ್ಥ

ಇನ್ನು ಶಬ್ದವಿಚಾರ. ಅಮರಸಿಂಹನು ಆರ್ಯಶಬ್ದವನ್ನು ಕುಲೀನ, ಸಭ್ಯ, ಸಜ್ಜನ, ಸಾಧು ಎಂಬ ಶಬ್ದಗಳೊಡನೆ ಪಠಿಸಿದ್ದಾನೆ. ನಾಟಕಗಳಲ್ಲಿ ಪೂಜ್ಯರನ್ನು ಸಂಬೋಧಿಸುವಾಗ ‘ಆರ್ಯ’ ಎಂದೂ, ಪತ್ನಿಯು ಪತಿಯನ್ನು ಕರೆಯುವಾಗ ‘ಆರ್ಯಪುತ್ರ’ ಎಂದೂ ಪ್ರಯೋಗವುಂಟು. ಬೌದ್ಧರು ತಮ್ಮ ನಾಲ್ಕು ಸತ್ಯಗಳನ್ನು ‘ಆರ್ಯಸತ್ಯ’ಗಳೆಂದರು. ಪ್ರಾಕೃತದಲ್ಲಿ ಅದು ‘ಅಜ್ಜ’ ಎಂದೂ ‘ಅಯ್ಯ’ ಎಂದೂ ಮಾರ್ಪಟ್ಟಿತು. ನಮ್ಮ ಮನೆಮಾತಿನ ‘ಅಜ್ಜ’ನನ್ನು ಅದಕ್ಕೆ ಹೊಂದಿಸಿ ಹೇಳುವ ವಿದ್ವಾಂಸರಿದ್ದಾರೆ. ವೇದದಲ್ಲಿ ಆರ್ಯರೆಂಬ ಜನವಾಚಕ ಪ್ರಯೋಗವೂ ಇದೆ. ಆದರೆ ಅಲ್ಲಿಯೂ ಭೇದವನ್ನು ಯಜ್ಞ, ವ್ರತ, ಆಚಾರಗಳಿಂದ ಹೇಳುವುದು ಪ್ರಚುರ. ತಲೆಬುರುಡೆಯ ಅಳತೆಗೂ ಈ ಶಬ್ದಕ್ಕೂ ಸಂಬಂಧವನ್ನು ನಮ್ಮ ಯಾವ ಕೋಶಕಾರನೂ ಹೇಳಿಲ್ಲ.

ಹಾಗಾದರೆ ಆ ಸಂಬಂಧ ಒದಗಿದುದೆಂತು? ೧೭೮೧ರಲ್ಲಿ ಜರ್ಮನ್ ವಿದ್ವಾಂಸ ಶ್ಲ್ಯೋಟ್ಸರನು ಹೀಬ್ರೂ, ಅರಬ್ಬೀ ಮೊದಲಾದ ಸಂಬಂಧಿಭಾಷೆಗಳಿಗೆ ಬೈಬಲ್ಲಿನ ನೋಹನ ಮಗನಾದ ಶೇಮನ ಹೆಸರನ್ನು ಹಿಡಿದು ‘ಸೆಮಿಟಿಕ್’ ಎಂಬ ಸಂಜ್ಞೆಯನ್ನಿತ್ತನು. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವೆಂದು ಸಾರಿದನು. ಎರಡೂ ಭಾಷಾಶಾಸ್ತ್ರದ ಸಂಗತಿಗಳು, ಎರಡೂ ನಿರ್ದುಷ್ಟವಾದುವು. ಮುಂದಿನ ನೂರು ವರ್ಷಗಳಲ್ಲಿ ಭಾಷಾಕುಲದ ಹೆಸರು ಜನಾಂಗದ ಹೆಸರಾಯಿತು. ರೆನಾನನು ಸೆಮಿಟಿಕ್ ಭಾಷೆಗಳ ಚರಿತ್ರೆಯನ್ನು ಬರೆಯುತ್ತ ಆ ಭಾಷೆಗಳನ್ನಾಡುವ ಜನರ ಸ್ವಭಾವವನ್ನೇ ನ್ಯೂನವೆಂದು ನಿರ್ಣಯಿಸಿದನು. ೧೮೫೩–೫೫ರಲ್ಲಿ ಗೊಬಿನೋ ಎಂಬ ಫ್ರೆಂಚನು ಮನುಷ್ಯಜನಾಂಗಗಳ ಅಸಮಾನತೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿ ಆರ್ಯರಕ್ತಕ್ಕೆ ಪಟ್ಟಕಟ್ಟಿದನು. ೧೮೭೯ರಲ್ಲಿ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಮಾರ್ ಎಂಬವನು ಸೆಮಿಟಿಕ್ ವಿರೋಧಿಗಳ ಕೂಟವನ್ನು ಸ್ಥಾಪಿಸಿ, ಈ ದ್ವೇಷಕ್ಕೆ ಶಾಸ್ತ್ರೀಯವೆಂಬಂತೆ ತೋರುವ ಹೆಸರನ್ನು ರೂಢಿಗೆ ತಂದನು. ಮತವನ್ನು ದ್ವೇಷಿಸುವವನು ಮತಾಂಧನೆನಿಸಿಕೊಳ್ಳುತ್ತಾನೆ. ‘ಸೆಮಿಟಿಕ್’ ಎಂಬ ಪಾರಿಭಾಷಿಕ ಶಬ್ದವನ್ನು ಮುಂದಿಟ್ಟವನು ವಿಜ್ಞಾನಿಯೆಂದು ತೋರಿಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಪರಿಹರಿಸಬೇಕು. ಅರಬ್ಬೀ ಭಾಷೆಯೂ ಸೆಮಿಟಿಕ್ ಕುಲದ್ದಾದುದರಿಂದ ಅರಬರು ಸೆಮಿಟಿಕ್ ವಿರೋಧಿಗಳಾಗಲಾರರು ಎಂದು ಕೆಲವರು ವಾದಿಸುವುದುಂಟು. ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬ ನ್ಯಾಯವನ್ನು ಬಲ್ಲವರಿಗೆ ಈ ವಾದದ ಟೊಳ್ಳು ತಿಳಿಯುತ್ತದೆ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ ಹುಳುವಲ್ಲ, ಕಮಲ. ಅಂತೆಯೇ ಆ ಸಂಜ್ಞೆಯು ಹುಟ್ಟಿದಂದಿನಿಂದ ಯೆಹೂದ್ಯದ್ವೇಷವೊಂದರಲ್ಲಿಯೇ ರೂಢವಾಗಿದೆ.

ಅಪಾರ್ಥವನ್ನು ಖಂಡಿಸಿದವರು ಇಲ್ಲದಿಲ್ಲ. ಋಗ್ವೇದವನ್ನು ಸಾಯಣಭಾಷ್ಯಸಹಿತವಾಗಿ ಅಚ್ಚುಮಾಡಿದ ಮ್ಯಾಕ್ಸ್ ಮುಲ್ಲರನು ಮೊದಲು ತಾನೂ ಆರ್ಯಜನಾಂಗದ ಮಾತನ್ನು ಸಡಿಲವಾಗಿ ಬಳಸಿದ್ದನು. ೧೮೮೮ರಲ್ಲಿ ಅವನೇ, ಆರ್ಯವೆಂದರೆ ಭಾಷೆಯೇ ಹೊರತು ರಕ್ತವಾಗಲಿ ಮೂಳೆಯಾಗಲಿ ಕೂದಲಾಗಲಿ ಅಲ್ಲವೆಂದು ನಿಷ್ಠುರವಾಗಿ ಬರೆದನು. ಅಷ್ಟರಲ್ಲಿ ಮಾತು ಪಂಡಿತರ ಕೈಮೀರಿ ಹೋಗಿದ್ದಿತು.

ಅದರ ಪರಿಣಾಮವು ೧೯೩೫ರ ಸೆಪ್ಟೆಂಬರದಲ್ಲಿ ಹಿಟ್ಲರನ ಸರ್ಕಾರವು ನ್ಯೂರೆಂಬರ್ಗಿನಲ್ಲಿ ಹೊರಡಿಸಿದ ಶಾಸನಗಳಲ್ಲಿ ಕಾಣುತ್ತದೆ. ನಮ್ಮ ಮಂಗಳಚಿಹ್ನೆಯನ್ನು ಹೋಲುವ ಕೊಕ್ಕೆಶಿಲುಬೆಯ ಧ್ವಜವು ಆ ರಾಜ್ಯದ ಏಕೈಕ ರಾಷ್ಟ್ರಧ್ವಜವಾದುದೂ ಆಗಲೇ. ಆ ವರ್ಷವೇ ಹೊರಟ ನಿಯಮದಂತೆ ಅಜ್ಜಅಜ್ಜಿಯರು ನಾಲ್ವರಲ್ಲಿ ಮೂವರಾದರೂ ಯೆಹೂದ್ಯ ಜನಾಂಗದವರಾದರೆ ಮೊಮ್ಮಗನು ಯೆಹೂದ್ಯನು. ಅಜ್ಜನು ಆ ಜನಾಂಗದವನೆಂದು ತಿಳಿಯುವುದೆಂತು? ಅವನು ಯೆಹೂದ್ಯ ಮತಸಂಘಕ್ಕೆ ಸೇರಿದ್ದನೆಂಬುದರಿಂದ! ಮತವಲ್ಲ, ರಕ್ತವೇ ಪ್ರಮಾಣವೆಂದು ಪ್ರತಿಜ್ಞೆಮಾಡಿದವರು ರಕ್ತವನ್ನು ಗುರುತಿಸಲು ಮತದ ದಾಖಲೆಯನ್ನೇ ಹಿಡಿದರು. ಪ್ರತಿಜ್ಞೆಯನ್ನು ಹೇತುವೇ ಕೆಡವುವ ಇದನ್ನು ನಮ್ಮ ತಾರ್ಕಿಕರು ವಿರುದ್ಧವೆಂಬ ಹೇತ್ವಾಭಾಸಕ್ಕೆ ಸೇರಿಸುವರು. ಮೇಲಾಗಿ, ರೋಮಾನಿ ಜನರ ಭಾಷೆಯು ಭಾರತದಿಂದ ಹೋದುದೆಂದೂ ಸಂಸ್ಕೃತಸಂಬಂಧಿಯೆಂದೂ ಸಿದ್ಧವಾಗಿದೆ. ಭಾಷೆಯೇ ಆರ್ಯತ್ವಕ್ಕೆ ಲಕ್ಷಣವಾಗಿದ್ದಲ್ಲಿ ಯೂರೋಪಿನಲ್ಲಿ ಅವರಿಗಿಂತ ಹೆಚ್ಚಿನ ಹಕ್ಕು ಯಾರಿಗಿದ್ದಿತು? ಆರ್ಯರೆನಿಸಿಕೊಂಡವರು ಅವರಲ್ಲಿಯೂ ಲಕ್ಷಗಟ್ಟಲೆ ಜನರನ್ನು ಕೊಂದರು.

೪. ಕೂಟಲೇಖದ ಸಂಚಾರ

ದ್ವೇಷವು ಹಬ್ಬಿದ ಬಗೆಗೆ ಬರೋಣ. ಶಾಸನಗಳನ್ನು ಅಭ್ಯಾಸಮಾಡುವವರಿಗೆ ಕೂಟಶಾಸನಗಳ ಪರಿಚಯವುಂಟು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟನು ಕೂಟವೆಂದು ತಳ್ಳಿದುದೂ, ರೈಸನು ಅದಕ್ಕೆ ಪ್ರತಿಯಾಗಿ ವಾದಿಸಿದುದೂ ವಾಚಕರಿಗೆ ವಿದಿತವೇ. ಹರ್ಷವರ್ಧನನ ಮಧುಬನ ಶಾಸನದಲ್ಲಿ, ಒಬ್ಬನು ಕೂಟಶಾಸನದ ಬಲದಿಂದ ಗ್ರಾಮವೊಂದನ್ನು ಅನುಭವಿಸುತ್ತಿರಲು ರಾಜನು ಆ ಪಟವನ್ನು ಒಡೆಯಿಸಿ ಗ್ರಾಮವನ್ನು ಬೇರೆಯವರಿಗೆ ಕೊಟ್ಟ ಸಂಗತಿಯಿದೆ. ಪಟವನ್ನು ಒಡೆದೊಡನೆ ಮೋಸವೂ ಮುಗಿಯಿತು. ಮುದ್ರಣಯುಗದ ಕೂಟಲೇಖಕ್ಕೆ ಈ ಚಿಕಿತ್ಸೆ ಸಾಲದು.

೧೯೦೩ರಲ್ಲಿ ರಷ್ಯದ ಪೀಟರ್ಸ್‌ಬರ್ಗ್ ನಗರದ ಒಂದು ಪತ್ರಿಕೆಯಲ್ಲಿ, ಯೆಹೂದ್ಯ ಹಿರಿಯರು ಗುಟ್ಟಾಗಿ ಕೂಡಿ ಲೋಕವನ್ನಾಳಲು ಹೂಡಿದ ಸಂಚಿನ ನಡಾವಳಿಯೆಂಬ ಲೇಖವು ಹೊರಬಂದಿತು. ‘ಸಿಯೋನ್ ಹಿರಿಯರ ನಡಾವಳಿಗಳು’ ಎಂದು ಅದು ಕುಪ್ರಸಿದ್ಧ. ೧೯೧೭ರ ಕ್ರಾಂತಿಯ ಬಳಿಕ ರಷ್ಯವನ್ನು ಬಿಟ್ಟೋಡಿದವರು ಅದನ್ನು ಹೊರಕ್ಕೊಯ್ದರು. ೧೯೨೦ರಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಭಾಷಾಂತರಗಳು ಬಂದುವು. ಅಮೆರಿಕದಲ್ಲಿ ಮೋಟಾರುಗಳ ಒಡೆಯ ಹೆನ್ರಿ ಫೋರ್ಡನು ತನ್ನ ಪತ್ರಿಕೆಯ ಮೂಲಕ ಅದರ ಸಾರವನ್ನು ಹರಡಿ, ೧೯೨೭ರಲ್ಲಿ ಕ್ಷಮಾಪಣೆ ಕೇಳಿದನು. ಆ ವೇಳೆಗೆ ಅವನ ಬರಹಗಳು ಜರ್ಮನಿಯಲ್ಲಿ ಬೇರೂರಿದ್ದುವು.

೧೯೨೧ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರ ಫಿಲಿಪ್ ಗ್ರೇವ್ಸನು ಈ ಲೇಖದ ಮೂಲವನ್ನು ಬಯಲಿಗಿಟ್ಟನು. ಅವನು ಅನುಸರಿಸಿದ ವಿಧಾನವು ಹಸ್ತಪ್ರತಿಗಳನ್ನು ಪರಿಷ್ಕರಿಸುವವರದೇ ವಿಧಾನ: ಎರಡು ಪಾಠಗಳನ್ನು ಎದುರುಬದುರಾಗಿಟ್ಟು ಹೋಲಿಸಿದನು. ಮೋರಿಸ್ ಝೋಲಿ ಎಂಬ ಫ್ರೆಂಚ್ ನ್ಯಾಯವಾದಿಯು ೧೮೬೪ರಲ್ಲಿ ಮೂರನೆಯ ನೆಪೋಲಿಯನನನ್ನು ವಿಡಂಬಿಸಲು ನರಕದಲ್ಲಿ ನಡೆಯುವ ಸಂವಾದವೊಂದನ್ನು ರಚಿಸಿದ್ದನು. ಯೆಹೂದ್ಯರಿಗೂ ಆ ವಿಡಂಬನೆಗೂ ಸಂಬಂಧವಿಲ್ಲ. ಅದರ ಖಂಡಖಂಡಗಳನ್ನೇ ಕದ್ದು ಯೆಹೂದ್ಯರ ಬಾಯಲ್ಲಿಟ್ಟಿದ್ದರು. ೧೯೩೫ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನ್ಯಾಯಾಲಯವೂ ಇದನ್ನು ಕೂಟವೆಂದು ತೀರ್ಮಾನಿಸಿತು. ಆದರೂ ಅದು ಸಾಯಲಿಲ್ಲ. ಅದರ ಮಾತು ನಿಜವೋ ಸುಳ್ಳೋ ಎಂದು ಓದುವವನು ಕೇಳುವುದಿಲ್ಲ, ತನ್ನ ಕಷ್ಟಕ್ಕೆ ಯಾರು ಹೊಣೆಯೆಂದು ಕೇಳುತ್ತಾನೆ. ಆ ಪ್ರಶ್ನೆಗೆ ಸಿದ್ಧವಾದ ಉತ್ತರ ಅದರಲ್ಲಿದೆ.

ಆದುದರಿಂದಲೇ ಯೆಹೂದ್ಯರ ಮುಖವನ್ನೇ ಕಾಣದ ನಾಡುಗಳಲ್ಲಿಯೂ ಅದು ನೆಲೆಸಬಲ್ಲದು. ಯೆಹೂದ್ಯರು ಅತಿವಿರಳವಾಗಿದ್ದ ಜಪಾನಿನಲ್ಲಿ ೧೯೨೦ರ ದಶಕದಲ್ಲಿಯೇ ಅದರ ಭಾಷಾಂತರವಾಯಿತು. ಅರಬ್ಬೀ ಭಾಷಾಂತರವೂ ಆ ದಶಕದ್ದೇ. ಇಸ್ಲಾಮೀ ರಾಜ್ಯಗಳಲ್ಲಿ ಯೆಹೂದ್ಯರ ಸ್ಥಾನವು ಕೆಳಗಿನದಾಗಿದ್ದರೂ, ಹತ್ಯೆಮಾಡಿ ನರರಕ್ತವನ್ನು ಮತಕ್ರಿಯೆಗೆ ಬಳಸುವರೆಂಬ ಆರೋಪವು ಯೂರೋಪಿನ ಕ್ರೈಸ್ತರಲ್ಲಿ ಹುಟ್ಟಿದ್ದು. ೧೮೪೦ರಲ್ಲಿ ದಮಾಸ್ಕಸ್ಸಿನಲ್ಲಿ ಕ್ರೈಸ್ತ ಸಂನ್ಯಾಸಿಯೊಬ್ಬನು ಕಾಣೆಯಾದಾಗ ಫ್ರೆಂಚ್ ಕಾನ್ಸಲನ ಬೆಂಬಲದಿಂದ ಆ ಆರೋಪವು ಅಲ್ಲಿ ಬಲಗೊಂಡಿತು. ೧೯೮೮ರಲ್ಲಿ ಹಮಾಸ್ ಸಂಘವು ಪ್ರಕಟಿಸಿದ ಸನ್ನದಿನಲ್ಲಿ ಮೇಲಿನ ಕೂಟಲೇಖವನ್ನು ಪ್ರಮಾಣವಾಗಿ ಹೆಸರಿಸಿದೆ. ರಷ್ಯದಲ್ಲಿ ಹೊಲಿದ ಅಂಗಿಯನ್ನು ತೊಟ್ಟವರಿಗೆ ಅದು ತಮ್ಮ ಮನೆಯ ನೂಲೆಂದೇ ತೋರಿತು.

೧೯೪೮ರಲ್ಲಿ ಸ್ಥಾಪಿತವಾದ ಇಸ್ರೇಲ್ ರಾಜ್ಯದ ನೀತಿಯನ್ನು ವಿಮರ್ಶಿಸುವುದು, ಪ್ಯಾಲೆಸ್ಟೀನಿಯರ ದುಃಖಕ್ಕೆ ಮರುಗುವುದು ಯೆಹೂದ್ಯದ್ವೇಷವಲ್ಲ. ರಾಜ್ಯವು ಮಾಡುವ ಕರ್ಮಕ್ಕೆ ಕರ್ತೃವುಂಟು, ಕಾಲವುಂಟು. ಆ ಕರ್ಮವನ್ನು ಲೋಕದಲ್ಲಿರುವ ಯೆಹೂದ್ಯರೆಲ್ಲರ ಜನ್ಮಕ್ಕೆ ಆರೋಪಿಸಿದಾಗ ದ್ವೇಷವು ಮೊದಲಾಗುತ್ತದೆ. ೨೦೦೮ರ ನವೆಂಬರದಲ್ಲಿ ಮುಂಬಯಿಯ ಮೇಲೆ ದಾಳಿಮಾಡಿದವರು ಅಲ್ಲಿಯ ಯೆಹೂದ್ಯ ಅತಿಥಿಗೃಹವೊಂದನ್ನು ಗುರಿಯಾಗಿಟ್ಟು ಹೊಕ್ಕು ಆರು ಮಂದಿಯನ್ನು ಕೊಂದರು. ಶನಿವಾರ ತೇಲಿಗಳು ನಿರ್ಭಯವಾಗಿ ಬಾಳಿದ ಕರಾವಳಿಯಲ್ಲಿಯೇ ಇದು ನಡೆಯಿತು.

೫. ನಮ್ಮ ಬಾಗಿಲಲ್ಲಿ

ಜರ್ಮನಿಯ ಈ ದ್ವೇಷವು ಬೆಂಗಳೂರಿನ ಬಾಗಿಲನ್ನೂ ತಟ್ಟಿತು. ೧೯೩೩ರ ಏಪ್ರಿಲಿನ ಕಾನೂನಿನಿಂದ ಗೋಟಿಂಗೆನ್ ವಿಶ್ವವಿದ್ಯಾಲಯದ ಸ್ಥಾನವನ್ನು ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸರ್ ಸಿ. ವಿ. ರಾಮನ್ನರು ಭಾರತೀಯ ವಿಜ್ಞಾನಮಂದಿರಕ್ಕೆ ಬರಮಾಡಿಕೊಂಡರು. ೧೯೩೫–೩೬ರಲ್ಲಿ ಅವರು ಸುಮಾರು ಆರು ತಿಂಗಳು ಅಲ್ಲಿದ್ದರು. ಅವರಿಗೆ ಸ್ಥಿರವಾದ ಪೀಠವನ್ನು ಕೊಡಬೇಕೆಂದು ರಾಮನ್ನರು ಸೂಚಿಸಿದಾಗ, ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯು ತಮಗೆ ತಕ್ಕವನಲ್ಲವೆಂಬರ್ಥದ ಮಾತನಾಡಿದರೆಂದು ಬಾರ್ನರೇ ಬರೆದಿದ್ದಾರೆ. ಬಾರ್ನರು ಎಡಿನ್‌ಬರೋಗೆ ಹೋದರು. ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ದೊರೆಯಿತು. ಆ ಪ್ರಾಧ್ಯಾಪಕರ ಮನಸ್ಸಿನಲ್ಲಿ ಏನಿದ್ದಿತೋ ನಾವು ಊಹಿಸಬೇಕಾಗಿಲ್ಲ. ಮಾತಿನ ರಚನೆಯೇ ಸಾಕು: ಓಡಿಸಿದವರ ಅಪರಾಧವು ಓಡಿಸಲ್ಪಟ್ಟವನ ಅಯೋಗ್ಯತೆಗೆ ಹೇತುವಾಯಿತು. ದ್ವೇಷವು ಹೀಗೆ ದ್ವೇಷಿಗಳಲ್ಲದವರ ನಾಲಗೆಯ ಮೇಲೂ ಪ್ರಯಾಣಮಾಡುತ್ತದೆ. ೧೯೩೯ರಲ್ಲಿ ಬಂದ ಯೆಹೂದ್ಯ ಮೂಲದ ವಾಸ್ತುಶಿಲ್ಪಿ ಓಟ್ಟೊ ಕ್ಯೋನಿಗ್ಸ್‌ಬರ್ಗರನಿಗಾದರೋ ಮೈಸೂರು ಸಂಸ್ಥಾನವು ತನ್ನ ಮುಖ್ಯ ಶಿಲ್ಪಿಯ ಪದವಿಯನ್ನೇ ಕೊಟ್ಟಿತು. ಬೆಂಗಳೂರಿನ ಕೆಲವು ಕಟ್ಟಡಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿವೆ.

ಜನ್ಮಕ್ಕೆ ದೋಷವನ್ನು ಅಂಟಿಸುವ ಕ್ರಮವು ನಮ್ಮಲ್ಲಿ ಬೇರೊಂದು ರೂಪದಲ್ಲಿ ಕಂಡಿತು. ಕೃಷ್ಣಾತೀರದ ನಮ್ಮ ನಾರಾಯಣಪುರವು ಬೇಡ ನಾಯಕರು ಆಳಿದ ಸುರಪುರ ಸೀಮೆಯದು. ೧೮೪೧ರಿಂದ ೧೮೫೩ರ ವರೆಗೆ, ರಾಜಾ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗುವ ತನಕ, ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನನ್ನು ಈ ಭಾಗದ ಜನರು ಇಂದಿಗೂ ಸ್ಮರಿಸುತ್ತಾರೆ. ಅದಕ್ಕೆ ಮುಂಚೆ, ೧೮೩೯ರಲ್ಲಿ, ಅವನು ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಬರೆದಿದ್ದನು. ಸಂಸ್ಕೃತದ ‘ಸ್ಥಗ’ದಿಂದ ಬಂದ ನಮ್ಮ ಠಕ್ಕಶಬ್ದವು ಇಂಗ್ಲಿಷ್ ಓದುಗರಲ್ಲಿ ಮನೆಮಾತಾಗಲು ಆ ಗ್ರಂಥವು ಬಹಳ ಮಟ್ಟಿಗೆ ಕಾರಣವಾಯಿತು. ಕಾದಂಬರಿಕಾರನು ಮುಂದಾದುದಕ್ಕೆಲ್ಲ ಹೊಣೆಯಲ್ಲ. ಆದರೆ ವಂಶಪಾರಂಪರ್ಯವಾದ ಅಪರಾಧಿಗಳೆಂಬ ಭಾವನೆಯು ಬೆಳೆಯುತ್ತ ಹೋಗಿ ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನಾಯಿತು. ನೇಯ್ಗೆ ಬಡಗಿತನಗಳು ಜಾತಿಯಿಂದ ಬರುವಂತೆ ಅಪರಾಧವೂ ಬರುವುದೆಂದು ಅದರ ಸಮರ್ಥಕರು ವಾದಿಸಿದರು. ಇಡೀ ಸಮುದಾಯಗಳ ಹೆಸರನ್ನು ದಾಖಲೆಮಾಡಿ ಹಾಜರಿ ಹಿಡಿದರು. ಮುಂಬಯಿ ಇಲಾಖೆಯ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ‘ಸೆಟ್ಲಮೆಂಟು’ಗಳನ್ನು ಕಟ್ಟಿ ಅವರನ್ನು ಇರಿಸಿದರು. ೧೯೫೨ರಲ್ಲಿ ಕಾನೂನು ರದ್ದಾಯಿತು, ಹೆಸರಿನ ಕಳಂಕ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಯೂರೋಪಿನ ಹತ್ಯಾಕಾಂಡಕ್ಕೆ ಇದು ಪ್ರಮಾಣದಲ್ಲಿ ಸಮವೆಂದು ಹೇಳುತ್ತಿಲ್ಲ. ತರ್ಕದ ಜಾಡು ಒಂದೇ: ಕೆಲವರ ಕರ್ಮ, ಎಲ್ಲರ ಹೆಸರು, ಕೊನೆಗೆ ಹುಟ್ಟುವ ಕೂಸಿಗೂ ದಂಡ.

ಜನ್ಮಮಾತ್ರದಿಂದ ಮನುಷ್ಯನ ಯೋಗ್ಯತೆಯನ್ನು ನಿಶ್ಚಯಿಸುವ ವಚನಗಳು ನಮ್ಮ ಧರ್ಮಶಾಸ್ತ್ರಗಳಲ್ಲಿಲ್ಲವೆಂದರೆ ಸುಳ್ಳಾಡಿದಂತಾಗುತ್ತದೆ. ಅವು ಇವೆ. ಅವುಗಳ ಫಲವಾದ ಅಸ್ಪೃಶ್ಯತೆಯನ್ನು ಅನುಭವಿಸಿದವರೂ ನಮ್ಮ ನಡುವೆಯೇ ಇದ್ದಾರೆ. ಆರ್ಯಶಬ್ದವನ್ನು ಪರದೇಶಿಯರು ಕೆಡಿಸಿದರೆಂದು ದೂರಿ ಕೈತೊಳೆದುಕೊಳ್ಳುವ ಅಧಿಕಾರ ಆದುದರಿಂದ ನಮಗಿಲ್ಲ. ೧೮೫೬ರಲ್ಲಿ ಕಾಲ್ಡ್ವೆಲ್ಲನ ವ್ಯಾಕರಣವು ದ್ರಾವಿಡ ಭಾಷಾಕುಲವನ್ನು ವ್ಯವಸ್ಥಿತವಾಗಿ ತೋರಿಸಿದ ಮೇಲೆ, ಆರ್ಯ ದ್ರಾವಿಡ ಎಂಬ ಭಾಷಾಸಂಜ್ಞೆಗಳನ್ನು ರಕ್ತಸಂಜ್ಞೆಗಳಾಗಿ ಆಡುವ ಅಭ್ಯಾಸವು ನಮ್ಮ ತರಗತಿಗಳಿಗೂ ಬಂದಿತು. ಕನ್ನಡವು ದ್ರಾವಿಡ ಭಾಷೆಯೆಂಬುದು ಪ್ರತ್ಯಯಗಳನ್ನೂ ಧಾತುಗಳನ್ನೂ ಕುರಿತ ಮಾತು. ಕನ್ನಡಿಗನ ರಕ್ತವನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ.

೬. ಉಪಸಂಹಾರ

ಹಿಟ್ಲರನ ಆತ್ಮಕಥೆಯು ನಮ್ಮ ದೇಶದ ಪುಸ್ತಕದಂಗಡಿಗಳಲ್ಲಿ ಇಂದಿಗೂ ಸಲೀಸಾಗಿ ಮಾರಾಟವಾಗುತ್ತಿದೆ. ಕೊಳ್ಳುವ ತರುಣರಲ್ಲಿ ಬಹುಮಂದಿಗೆ ಯೆಹೂದ್ಯರ ಮೇಲೆ ವೈರವಿಲ್ಲ, ಶಿಸ್ತು ಸಾಹಸಗಳ ಮೇಲಣ ಕುತೂಹಲವಿದೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಅಧ್ಯಾಪಕನು ಮಾಡಬಹುದಾದುದು ತನ್ನ ಶಾಸ್ತ್ರದ ಕೆಲಸವನ್ನು. ಅಮರಕೋಶದ ಪಾಠದಲ್ಲಿ ಆರ್ಯಶಬ್ದ ಬಂದಾಗ ಅದು ಗುಣವಾಚಕವಾಗಿ ಎಲ್ಲಿ ನಿಂತಿತು, ಭಾಷಾವಾಚಕವಾಗಿ ಎಲ್ಲಿಗೆ ಹೋಯಿತು, ರಕ್ತವಾಚಕವಾಗಿ ಏನು ಮಾಡಿತು ಎಂಬ ಮೂರನ್ನೂ ಹೇಳಿದರೆ ಅರ್ಧ ಗಂಟೆ ಸಾಕು. ಒಂದು ಸಮುದಾಯವೆಲ್ಲ ಸಂಚುಗಾರರದೆಂದು ಹೇಳುವ ಲೇಖವು ಕೈಗೆ ಬಂದಾಗ, ಇದರ ಮಾತೃಕೆ ಯಾವುದು, ಬರೆದವನು ಯಾರು, ಪಾಠವನ್ನು ಎಲ್ಲಿಂದ ತೆಗೆದನು ಎಂದು ಕೇಳುವುದನ್ನು ಅಭ್ಯಾಸಮಾಡಿಸಬಹುದು. ತಾಳೆಯೋಲೆಯ ಒಂದಕ್ಷರದ ಪಾಠಾಂತರಕ್ಕಾಗಿ ದಿನಗಟ್ಟಲೆ ವಾದಿಸುವ ನಾವು ನೆರೆಯವನ ಮಾನಪ್ರಾಣಗಳಿಗೆ ಸಂಬಂಧಿಸಿದ ಪಾಠವನ್ನು ಪರೀಕ್ಷೆಯಿಲ್ಲದೆ ಒಪ್ಪುವುದು ತರವಲ್ಲ.

ಶಬ್ದಗಳು ಕೋಶದಿಂದ ಹೊರಟ ಮೇಲೆ ಎಲ್ಲಿಗೆ ಹೋಗುತ್ತವೆಂಬುದು ಕೋಶಕಾರನ ಅಧೀನದಲ್ಲಿಲ್ಲ. ಆದರೆ ತಪ್ಪಿಹೋದ ಶಬ್ದವನ್ನು ಗುರುತಿಸಿ ಇದು ನಮ್ಮದು, ಇದರ ಅರ್ಥ ಇದಲ್ಲವೆಂದು ಸಾಕ್ಷಿಹೇಳುವ ಹೊಣೆ ಅದನ್ನು ಬಲ್ಲವರದು. ಇಷ್ಟನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿ ಈ ಲೇಖನವನ್ನು ಮುಗಿಸುತ್ತೇನೆ.